ಕಲ್ಲಿನಾಥಪ್ಪನವರ ಮನೆಯ ಹೀಟರು

ನಮ್ಮ ಊರಿನ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ ಅದರಲ್ಲಿ ಮೂರು ಸಂಗತಿಗಳು ಬರಲೇಬೇಕು. ಕಂಪನಿ ಸುರಂಗ ಕೊರೆಯಲು ಬಂದದ್ದು, ಅರ್ಧ ಕೊರೆದು ಬಿಟ್ಟುಹೋದದ್ದು, ಮತ್ತು ಕಲ್ಲಿನಾಥಪ್ಪನವರ ಗಾಡಿಮನೆಯ ಹೀಟರು ಸರಿಯಾಗಿ ಕಾಯದೆ ಹೋದದ್ದು. ಮೊದಲೆರಡನ್ನು ಬೇಕಾದರೆ ಅಡಿಟಿಪ್ಪಣಿಯಲ್ಲಿ ಮುಗಿಸಬಹುದು. ಮೂರನೆಯದಕ್ಕೆ ಒಂದು ಅಧ್ಯಾಯವೇ ಬೇಕು. ಸುರಂಗದ ಕೆಲಸ ನಿಂತ ದಿನವೂ ಊರಿನ ಜನ ಹೊತ್ತಿಗೆ ಸರಿಯಾಗಿ ಉಂಡಿದ್ದರು. ಆ ಹೀಟರಿನ ವಿಚಾರಣೆ ನಡೆದಷ್ಟು ಕಾಲ ಮಾತ್ರ ನಿಂಬೆವ್ವನ ಚಹಾದಂಗಡಿಯಿಂದ ಜನ ಮನೆಗೆ ಹೋಗುವುದನ್ನೇ ಮರೆತಿದ್ದರು.

ಗಾಡಿಮನೆ ಎಂದರೆ ಚಕ್ರದ ಮೇಲೆ ಕೂತ ಮನೆ. ತಗಡಿನ ಉದ್ದನೆಯ ಪೆಟ್ಟಿಗೆ. ಒಂದು ತುದಿಗೆ ಹಾಸಿಗೆ, ಇನ್ನೊಂದು ತುದಿಗೆ ಅಡುಗೆ, ನಡುವೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕಾದಷ್ಟು ಜಾಗ. ಕಂಪನಿ ತನ್ನ ನೌಕರರಿಗಾಗಿ ಇವನ್ನು ಲಾರಿಗಳ ಹಿಂದೆ ಕಟ್ಟಿ ಈ ಬಯಲಿಗೆ ಎಳೆದು ತಂದಿತ್ತು. ಹೋಗುವಾಗ ಎಳೆದುಕೊಂಡು ಹೋಗುವುದಕ್ಕಿಂತ ಬಿಟ್ಟುಹೋಗುವುದೇ ಅಗ್ಗವೆಂದು ಅದಕ್ಕೆ ಕಂಡಿತು. ನೌಕರರ ವಿಷಯದಲ್ಲೂ ಹಾಗೆಯೇ ಕಂಡಿರಬೇಕು. ಟೈರುಗಳು ಗಾಳಿ ಬಿಟ್ಟು ನೆಲಕ್ಕಿಳಿದವು, ಚಕ್ರಗಳ ಸಂದಿಯಲ್ಲಿ ಕೋಳಿಗಳು ಮೊಟ್ಟೆಯಿಟ್ಟವು, ನಾವು ಉಳಿದೆವು. ಪ್ರತಿ ಗಾಡಿಯ ಹೊಟ್ಟೆಯಲ್ಲೂ ಒಂದು ಗ್ಯಾಸಿನ ಹೀಟರು. ಸಿಲಿಂಡರು ಹೊರಗೆ ಗಾಡಿಯನ್ನು ಎಳೆಯುವ ಮೂಕಿಯ ಮೇಲೆ, ಬೆಂಕಿ ಒಳಗೆ. ಬ್ಯಾಟರಿಯಿಂದ ತಿರುಗುವ ಫ್ಯಾನು ಬಿಸಿಗಾಳಿಯನ್ನು ನೆಲದಡಿಯ ಕೊಳವೆಯಲ್ಲಿ ದೂಡಿ, ಹಾಸಿಗೆಯ ಬುಡದ ಜಾಲರಿಯಿಂದ ಹೊರಬಿಡುತ್ತದೆ. ಚಳಿಗಾಲದಲ್ಲಿ ನಮ್ಮ ಬಯಲಿನ ಗಾಳಿ ತಗಡನ್ನು ನೆಕ್ಕಿದರೆ ತಗಡು ನರಳುತ್ತದೆ. ಹೀಟರಿಲ್ಲದೆ ಇಲ್ಲಿ ಬದುಕಿಲ್ಲ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಚಳಿಗಾಲದಲ್ಲಿ ನಮ್ಮಲ್ಲಿ ಯಾರೂ ಯಾರ ಮನೆಯೊಳಗೂ ಕಾಲಿಡುವುದಿಲ್ಲ. ಅತಿಥಿಯೊಬ್ಬ ಬಂದು, ಕೂತು, ಎದ್ದುಹೋದರೆ ಮನೆಯ ಬಿಸಿಯೂ ಅವನ ಹಿಂದೆಯೇ ಎದ್ದುಹೋಗುತ್ತದೆ. ಅವನ ತಪ್ಪೇನೂ ಇಲ್ಲ. ಬೇಕೆಂದು ಯಾರೂ ಒಯ್ಯುವುದಿಲ್ಲ, ಬೇಡವೆಂದರೆ ಅದು ಬಿಡುವುದೂ ಇಲ್ಲ. ಅವನು ಹೋಗಿ ಎಲ್ಲಿ ಕೂರುತ್ತಾನೋ ಅಲ್ಲಿ ಬೆಚ್ಚಗಾಗುತ್ತದೆ. ಅವನು ಬಿಟ್ಟುಬಂದ ಮನೆಯಲ್ಲಿ ಎಷ್ಟು ಗ್ಯಾಸು ಉರಿಸಿದರೂ ಮರುದಿನದವರೆಗೆ ಗೋಡೆ ತಣ್ಣಗೇ ಇರುತ್ತದೆ. ಒಮ್ಮೆ ನಿಂಬೆವ್ವನ ಬೀಗರು ಕೆಳಗಿನ ಊರಿನಿಂದ ಗೊತ್ತಿಲ್ಲದೆ ಬಂದು ಹೋಳಿಗೆ ಉಂಡುಹೋದರು. ಕೆಳಗೆ ಆಗಲೇ ಸೆಕೆ. ಅವರು ಬಸ್ಸಿನಲ್ಲಿ ಬೆವರುತ್ತ, ಮೈಮೇಲಿನದನ್ನೆಲ್ಲ ಒಂದೊಂದಾಗಿ ಬಿಚ್ಚುತ್ತ ಹೋದರಂತೆ. ಇಲ್ಲಿ ನಿಂಬೆವ್ವನ ಮನೆಯಲ್ಲಿ ಕೊಡದ ನೀರು ಕಲ್ಲಾಯಿತು. ಬೀಗತನ ಉಳಿಯಿತು. ಹೋಳಿಗೆ ಮಾತ್ರ ಅಂದಿನಿಂದ ಬೇಸಿಗೆಗೆ ಹೋಯಿತು.

ಹೀಗಾಗಿ ಚಳಿ ಬಿತ್ತೆಂದರೆ ಊರಿನ ವ್ಯವಹಾರವೆಲ್ಲ ಕಿಟಕಿಗಳಲ್ಲಿ. ಡಾಕ್ಟರು ಹೊರಗೆ ನಿಂತು, ರೋಗಿಯ ಕೈಯನ್ನು ಕಿಟಕಿಯಿಂದ ಈಚೆಗೆ ಎಳೆದು ನಾಡಿ ನೋಡುತ್ತಾರೆ. ಸಾವಾದ ಮನೆಗೆ ಬಂದವರು ತಗಡಿನ ಮೇಲೆ ಮೆಲ್ಲಗೆ ಬಡಿದು, ಒಳಗಿನಿಂದ ಅಳು ಕೇಳಿದ ಮೇಲೆ ತಮ್ಮ ಕೆಲಸ ಮುಗಿಯಿತೆಂದು ಹೊರಡುತ್ತಾರೆ. ಕಿಟಕಿಯಿಂದ ಕಿಟಕಿಗೆ ಮಾತು ಕೂಗಿಯೇ ಆಡಬೇಕಾದ್ದರಿಂದ ಗುಟ್ಟು ಎಂಬುದು ನಮ್ಮಲ್ಲಿ ಬೇಸಿಗೆಯ ಸೌಕರ್ಯ. ನಾನು ಕಂಪನಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು. ಮಕ್ಕಳು ಹೋದರು, ಶಾಲೆ ಹೋಯಿತು, ಮಾಸ್ತರ ಎಂಬ ಹೆಸರು ಹೋಗಲಿಲ್ಲ. ನನ್ನ ಗಾಡಿ ಕಲ್ಲಿನಾಥಪ್ಪನವರ ಗಾಡಿಯ ಪಕ್ಕದ್ದು. ಈ ಕಥೆಯಲ್ಲಿ ನಾನು ಕಂಡದ್ದೆಲ್ಲ ಕಿಟಕಿಯಿಂದ ಕಂಡದ್ದು. ಕೇಳಿದ್ದನ್ನು ಊರೇ ಕೇಳಿದೆ.

"ಮಾಸ್ತರ್ರ, ನಿಮ್ಮ ಮನಿ ಕಾಯತೈತೇನ್ರಿ?" ಎಂದು ಕಲ್ಲಿನಾಥಪ್ಪನವರ ಹೆಂಡತಿ ಚಂಪಕ್ಕ ಒಂದು ಬೆಳಿಗ್ಗೆ ತಮ್ಮ ಕಿಟಕಿಯಿಂದ ಕೇಳಿದರು. ಎರಡು ಶಾಲು ಹೊದ್ದಿದ್ದರು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದರು.

"ಕಾಯತೈತ್ರಿ. ಯಾಕ?"

"ನಮ್ಮದು ಉರೀತೈತಿ, ಖರೆ. ಕಾಯಂಗಿಲ್ಲ."

"ಕಲ್ಲಿನಾಥಪ್ಪಾರಿಗೆ ಹೇಳಿದ್ರೇನು?"

"ಹೇಳಿದ್ನಿ. ‘ನಾ ಇದ್ದಾಗ ಚಲೋನ ಇರತೈತಲ್ಲ’ ಅಂತಾರ."

ಚಂಪಕ್ಕನಿಗೆ ಉಬ್ಬಸ. ಹಿಂದಿನ ಚಳಿಗಾಲದಲ್ಲಿ ಅದು ಅವರನ್ನು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವಂತೆ ಮಾಡಿತ್ತು. ಡಾಕ್ಟರು ಕಿಟಕಿಯ ಹೊರಗೆ ನಿಂತು, ಊರಿಗೆಲ್ಲ ಕೇಳುವಂತೆ, "ಇವರನ್ನ ಬೆಚ್ಚಗ ಇಡ್ರಿ. ಇಡಲಿಕ್ಕೆ ಆಗಲಿಲ್ಲ ಅಂದ್ರ ಕೆಳಗಿನ ಊರಿಗೆ ಅವರ ಅಣ್ಣನ ಮನಿಗೆ ಕಳಸ್ರಿ. ಇನ್ನೊಂದು ಇಂಥಾ ಥಂಡಿ ಇವರ ಎದಿ ತಡಿಯೂದಿಲ್ಲ," ಎಂದು ಹೇಳಿಹೋಗಿದ್ದರು. ಕೆಳಗೆ ಹೋಗಲು ಚಂಪಕ್ಕನಿಗೆ ಮನಸ್ಸಿರಲಿಲ್ಲ. ಕಳಿಸಲು ಕಲ್ಲಿನಾಥಪ್ಪನವರಿಗೂ ಇರಲಿಲ್ಲ. "ಹೆಂಡ್ತೀನ ಬೆಚ್ಚಗ ಇಡಲಿಕ್ಕೆ ಬರದ ಗಂಡಸು ಮನಿ ಯಾಕ ಮಾಡಬೇಕು?" ಎಂದು ಆಗ ಅವರೇ ಚಹಾದಂಗಡಿಯಲ್ಲಿ ಅಂದಿದ್ದರು. ಹಾಗಾಗಿ ಹೀಟರು ಕೈಕೊಟ್ಟಿತೆಂಬ ಸುದ್ದಿ ಹಬ್ಬಿದಾಗ ಊರಿನವರ ಕಣ್ಣೆಲ್ಲ ಅವರ ಮೇಲೆ.

ಕಲ್ಲಿನಾಥಪ್ಪನವರು ಕಂಪನಿಯಲ್ಲಿ ಪಂಪುಗಳ ಸೂಪರ್‌ವೈಜರ್ ಆಗಿದ್ದವರು. ಸುರಂಗದೊಳಗೆ ಜಿನುಗುವ ನೀರನ್ನು ಹೊರಗೆ ಎಳೆಯುವ ಪಂಪುಗಳು. ಸುರಂಗ ಬಿಟ್ಟ ಮೇಲೆ ಪಂಪುಗಳನ್ನೂ ಬಿಟ್ಟರು. ಅವು ಸುರಂಗದ ಬಾಯಿಯ ಬಳಿ ಒಂದು ಶೆಡ್ಡಿನಲ್ಲಿ ಸಾಲಾಗಿ ಕೂತಿವೆ. ಇವರು ದಿನಾ ಬೆಳಿಗ್ಗೆ ಎದ್ದು ಅಲ್ಲಿಗೆ ಹೋಗಿ ಅವಕ್ಕೆ ಎಣ್ಣೆ ಬಿಟ್ಟು, ಒರೆಸಿ, ಕೈಯಿಂದ ಒಂದು ಸುತ್ತು ತಿರುಗಿಸಿ ಬರುತ್ತಿದ್ದರು. ಕಂಪನಿ ಮರಳಿ ಬಂದಾಗ ಎಲ್ಲವೂ ಚಾಲೂ ಇರಬೇಕಂತೆ. ಮಧ್ಯಾಹ್ನ ಊಟಕ್ಕೆ ಬಂದು ಮತ್ತೆ ಹೋಗುತ್ತಿದ್ದರು. ಗಾಳಿ ಜೋರಿದ್ದರೆ ಅಲ್ಲೇ ಮಲಗುತ್ತಿದ್ದರು. ಮನೆಗೆ ಬಂದಾಗ ಬಾಗಿಲಲ್ಲಿ ಒಮ್ಮೆ ಕೆಮ್ಮಿ, ಚಂಪಕ್ಕ "ಬರ್ರಿ" ಅಂದ ಮೇಲೆ ಒಳಗೆ ಹೋಗುತ್ತಿದ್ದರು. ಊಟಕ್ಕೆ ಕೂತರೆ "ಸಾಕು, ಸಾಕು" ಎಂದು ತಾಟಿನ ಮೇಲೆ ಕೈಯಡ್ಡ ಹಿಡಿಯುತ್ತಿದ್ದರು. ಚಂಪಕ್ಕ "ಇನ್ನೊಂಚೂರು" ಎಂದು ಒತ್ತಾಯ ಮಾಡುತ್ತಿದ್ದರು. ಎದ್ದಾಗ "ಅಡಿಗಿ ಭಾಳ ಚಲೋ ಆಗಿತ್ತು" ಎನ್ನುತ್ತಿದ್ದರು. ಇಷ್ಟು ಮರ್ಯಾದೆಯ ಗಂಡಹೆಂಡಿರು ಊರಿನಲ್ಲಿ ಬೇರೆ ಇಲ್ಲವೆಂದು ನಾವೆಲ್ಲ ಹೇಳಿಕೊಳ್ಳುತ್ತಿದ್ದೆವು.

ಅವರು ತಪಾಸಣೆಯನ್ನು ಶಾಸ್ತ್ರೋಕ್ತವಾಗಿ ಶುರು ಮಾಡಿದರು. "ಮಾಸ್ತರ, ಯಂತ್ರದ ಮುಂದ ಸಿಟ್ಟಿಗೇಳಬಾರದು. ಒಂದೊಂದ ಕಾರಣ ತಗದ ಹಾಕ್ಕೋಂತ ಹೋಗಬೇಕು," ಎಂದು ನನಗೆ ವಿವರಿಸಿದರು. ಮೊದಲು ಸಿಲಿಂಡರು. ಒಂದು ಚೊಂಬು ಬಿಸಿನೀರನ್ನು ಅದರ ಮೈಮೇಲೆ ಸುರಿದು, ಕೈ ಸವರಿ ನೋಡಿದರು. ಗ್ಯಾಸು ಇರುವಷ್ಟು ಎತ್ತರಕ್ಕೆ ಲೋಹ ತಣ್ಣಗಿರುತ್ತದೆ, ಮೇಲೆ ಬೆಚ್ಚಗಿರುತ್ತದೆ. ತಣ್ಣನೆಯ ಗೆರೆ ಕುತ್ತಿಗೆಯ ಹತ್ತಿರವೇ ಇತ್ತು. ಒಲೆ ಹಚ್ಚಿ ನೋಡಿದರೆ ಉರಿ ನೀಲಿಯಾಗಿ, ಗಟ್ಟಿಯಾಗಿ ನಿಂತಿತು. ಗ್ಯಾಸಿನದು ತಪ್ಪಿಲ್ಲ.

ಆಮೇಲೆ ಮೆಕ್ಯಾನಿಕ್ ದಾವಲಸಾಬ ಬಂದ. ಅವನು ಊರಿನ ಎಲ್ಲ ಹೀಟರುಗಳ ಹೊಟ್ಟೆಯನ್ನೂ ಕಂಡವನು. ಗಾಡಿಯ ಹೊರಮೈಯಲ್ಲಿ ಒಂದು ಮುಚ್ಚಳವಿರುವುದರಿಂದ ಒಳಗೆ ಹೋಗದೆ ರಿಪೇರಿ ಮಾಡಬಹುದು. ಅವನಿಗೆ ಯಾವ ಹೀಟರು ಕೆಟ್ಟರೂ ಅದು ತನ್ನ ಮೇಲೆ ಇಟ್ಟ ಹಗೆ ಎನಿಸುತ್ತಿತ್ತು.

"ಸಾಹೇಬ್ರ, ಬ್ಯಾಟರಿ ಸತ್ತೈತಿ," ಎಂದ. "ಬ್ಯಾಟರಿ ಸೊರಗಿದ್ರ ಫ್ಯಾನು ಹಳೇ ಎತ್ತಿನಂಗ ತಿರಗತೈತಿ. ಫ್ಯಾನು ಸಾವಕಾಶಾದ್ರ ಬೆಂಕಿ ಹೆದರಿ ಆರತೈತಿ."

"ಬೆಂಕಿ ಹೆದರತೈತೇನೋ?"

"ಎಲ್ಲಾರೂ ಹೆದರತಾರ್ರಿ. ಅದೇನು ಮ್ಯಾಲಿಂದ ಬಂದೈತೇನು?"

ಬ್ಯಾಟರಿಯನ್ನು ಚಾರ್ಜು ಮಾಡಿ ತಂದು ಕೂಡಿಸಿದ ಮೇಲೆ ಫ್ಯಾನು ಎಷ್ಟು ರಭಸವಾಗಿ ತಿರುಗಿತೆಂದರೆ ಗೋಡೆಯ ಕ್ಯಾಲೆಂಡರು ಹಾರಿ ಸಾರಿನ ಪಾತ್ರೆಗೆ ಬಿತ್ತು. ಕಲ್ಲಿನಾಥಪ್ಪನವರು ಒಳಗೆ ಕೂತು ಅಂಗೈ ಒಡ್ಡಿ, "ಆತು ನೋಡು, ಹೆಂಗ ಕಾಯಾಕ್ಹತ್ತೈತಿ!" ಎಂದರು. ಎಲ್ಲರೂ ಚಹಾ ಕುಡಿದೆವು, ಅವರು ಒಳಗೆ, ನಾವು ಹೊರಗೆ. ಅವರು ಶೆಡ್ಡಿಗೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಚಂಪಕ್ಕನ ಕಿಟಕಿಯ ಗಾಜು ಒಳಗಿನಿಂದ ಹಿಮಗಟ್ಟಿ ಬೆಳ್ಳಗಾಯಿತು.

ಮುಂದೆ ನಡೆದದ್ದೆಲ್ಲ ಇದೇ ರೀತಿ. ಹೊಗೆ ಹೋಗುವ ನಳಿಗೆಯ ಬಾಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು. ದಾವಲಸಾಬ ಅದನ್ನು ಸ್ಕ್ರೂಡ್ರೈವರಿನಿಂದ ಕೆತ್ತಿ ತೆಗೆದು, ಊರಿಗೆಲ್ಲ ತೋರಿಸಿಕೊಂಡು ಬಂದ. ರೆಗ್ಯುಲೇಟರಿನ ಮೇಲೆ ಹಿಮ ಕೂತಿತ್ತು. ಹೊಸದು ಹಾಕಿ ಹಳೆಯ ಕಂಬಳಿಯ ತುಂಡು ಸುತ್ತಿದರು. ನೆಲದಡಿಯ ಕೊಳವೆಯನ್ನು ಇಲಿ ಕಡಿದು, ಅಲ್ಲೇ ಸಂಸಾರ ಹೂಡಿತ್ತು. ಕಲ್ಲಿನಾಥಪ್ಪನವರು ಗಾಡಿಯ ಕೆಳಗೆ ಬೆನ್ನ ಮೇಲೆ ತೆವಳಿಹೋಗಿ ಅದಕ್ಕೆ ಟೇಪು ಸುತ್ತಿದರು. ಬಿಸಿಗಾಳಿಯನ್ನೆಲ್ಲ ಇಷ್ಟು ದಿನ ಇಲಿಗಳು ಉಂಡವು ಎಂದು ನಗಾಡಿದರು. ಸಿಕ್ಕ ಕಾರಣಗಳೆಲ್ಲ ನಿಜವಾದ ಕಾರಣಗಳೇ. ತೆಗೆದ ಪ್ರತಿ ಸಲವೂ ಮನೆ ಬೆಚ್ಚಗಾಗುತ್ತಿತ್ತು. ಕಲ್ಲಿನಾಥಪ್ಪನವರು ಕೂತು ನೋಡಿ, ತೃಪ್ತಿಪಟ್ಟು, ಪಂಪುಗಳ ಕಡೆ ಹೋಗುತ್ತಿದ್ದರು. ಚಂಪಕ್ಕನ ಉಸಿರು ಮತ್ತೆ ಸೀಟಿ ಊದುತ್ತಿತ್ತು. ಯಂತ್ರ ದೊಡ್ಡವರ ಎದುರಿಗೆ ಮಾತ್ರ ಸಭ್ಯವಾಗಿ ನಡೆದುಕೊಳ್ಳುವ ಹುಡುಗನ ಹಾಗೆ ಆಡುತ್ತಿತ್ತು.

ಇನ್ನು ತೆಗೆದುಹಾಕಲು ಕಾರಣವೇ ಉಳಿಯದಿದ್ದಾಗ ನಿಂಬೆವ್ವ ಬಾಯಿ ಬಿಟ್ಟಳು. ಅವಳ ಚಹಾದಂಗಡಿ ಬಯಲಿನಲ್ಲಿ, ಸೂರಿಲ್ಲದೆ, ಯಾರು ಕೂತರೂ ಒಯ್ಯಲು ಏನೂ ಇಲ್ಲದ ಜಾಗದಲ್ಲಿತ್ತು. "ಹೀಟರು ಚಲೋ ಐತಿ, ಬ್ಯಾಟರಿ ಚಲೋ ಐತಿ, ಕೊಳವಿ ಚಲೋ ಐತಿ," ಎಂದು ಬೆರಳು ಮಡಿಸುತ್ತ ಹೇಳಿದಳು. "ಮತ್ತ ಬಿಸಿ ಎಲ್ಲಿ ಹೊಕ್ಕೈತಿ? ಸಾಹೇಬ್ರು ಅತ್ತಾಗ ಶೆಡ್ಡಿಗೆ ಹೋದ ಮ್ಯಾಲೆ ಇತ್ತಾಗ ಯಾರರೆ ಬಂದು ಹೋಗತಾರೇನೋ. ನಾ ಹೇಳಾಕ್ಹತ್ತಿಲ್ಲಪಾ. ಕೇಳಾಕ್ಹತ್ತೇನಿ."

ಕಲ್ಲಿನಾಥಪ್ಪನವರ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ದಾವಲಸಾಬ, "ನಿನ್ನ ಬಾಯಾಗ ಆ ಕಣಜದ ಗೂಡು ಇಡಬೇಕಿತ್ತು ನಾನು," ಎಂದ. ಆದರೆ ಅವನ ಮುಖದಲ್ಲೂ ಸ್ವಲ್ಪ ಸಮಾಧಾನ ಕಂಡಿತು. ಹೀಗಾದರೆ ತಪ್ಪು ಅವನದಲ್ಲವಲ್ಲ. ನಮ್ಮ ಊರಿನಲ್ಲಿ ಚಳಿಗಾಲದಲ್ಲಿ ಹೆಣ್ಣಿನ ಮನೆ ತಣ್ಣಗಾಯಿತೆಂದರೆ ಅದಕ್ಕೆ ಒಂದು ಅರ್ಥವಿದೆ. ಆ ಅರ್ಥದಿಂದ ಹಿಂದೆ ಒಂದೆರಡು ಸಂಸಾರಗಳು ಮುರಿದಿವೆ, ಮುರಿದ ಮೇಲೆ ಕೊಳವೆಯಲ್ಲಿ ತೂತು ಸಿಕ್ಕಿದ್ದೂ ಉಂಟು.

ಅಂದು ಮಧ್ಯಾಹ್ನ ಊಟದ ಹೊತ್ತಿಗೆ ಅವರ ಮನೆಯ ಮಾತು ನನ್ನ ಕಿಟಕಿಗೆ ಬಂತು. ಕಲ್ಲಿನಾಥಪ್ಪನವರು ಜಗಳವಾಡಲಿಲ್ಲ. ತಾಟಿನ ಮುಂದೆ ಕೂತು, ಸಂಕೋಚದಿಂದ, ಪರರ ಮನೆಯ ವಿಷಯ ವಿಚಾರಿಸುವವರಂತೆ, "ಇಲ್ಲೆ ಯಾರರೆ ಬಂದಿದ್ರೇನು? ತಪ್ಪ ತಿಳಕೋಬ್ಯಾಡ," ಎಂದರು.

ಚಂಪಕ್ಕ ಸೌಟನ್ನು ಪಾತ್ರೆಗೆ ಹಾಕಿದ ಸದ್ದಾಯಿತು. "ನನ್ನ ನೀರಿಗೆ ಕಳಿಸಿ ನೋಡ್ರಿ," ಎಂದರು ಆಮೇಲೆ. "ಊರ ಮುಂದ ನೋಡ್ರಿ."

ನೀರಿಗೆ ಕಳಿಸುವುದು ನಮ್ಮಲ್ಲಿ ಹೊಸ ಸೊಸೆಯರಿಗೆ ಮಾಡುವ ಶಾಸ್ತ್ರ. ಬೇಸಿಗೆಯಲ್ಲಿ ಮದುವೆಯಾಗಿ ಬಂದ ಹುಡುಗಿ ಚಳಿಗಾಲದ ಹೊತ್ತಿಗೆ ಮನೆಗೆ ಒಗ್ಗಿದ್ದಾಳೋ, ಇನ್ನೂ ಅತಿಥಿಯೇ ಆಗಿದ್ದಾಳೋ ತಿಳಿಯಬೇಕಲ್ಲ. ಮೊದಲ ಚಳಿಯ ದಿನ ಅವಳ ಕೈಗೆ ಕೊಡ ಕೊಟ್ಟು ಬೀದಿಯ ನಲ್ಲಿಗೆ ಕಳಿಸುತ್ತಾರೆ. ಅತ್ತೆ ಒಳಗೆ ಜಾಲರಿಯ ಮೇಲೆ ಅಂಗೈ ಇಟ್ಟು ಕೂರುತ್ತಾಳೆ. ಸೊಸೆ ಹೋದ ಮೇಲೂ ಕೈ ಬೆಚ್ಚಗಿದ್ದರೆ ಮನೆ ಅವಳನ್ನು ತನ್ನವಳೆಂದು ಒಪ್ಪಿತೆಂದು ಬೆಲ್ಲ ಹಂಚುತ್ತಾರೆ. ತಣ್ಣಗಾದರೆ ಹುಡುಗಿಯನ್ನು ಒಳಗೆ ಕರೆದುಕೊಂಡು, ಮುಂದಿನ ಬೇಸಿಗೆಯವರೆಗೆ ಹೊಸ್ತಿಲು ದಾಟಿ ಹೊರಗೆ ಬಿಡುವುದಿಲ್ಲ. ತಲೆ ನರೆತ ಹೆಂಗಸನ್ನು ನೀರಿಗೆ ಕಳಿಸಿದ್ದು ಯಾರಿಗೂ ನೆನಪಿಲ್ಲ. ಗಂಡಸರನ್ನಂತೂ ಯಾರೂ ಎಂದೂ ಕಳಿಸಿಲ್ಲ. ಅಂಥ ಯೋಚನೆಯೇ ಬಂದಿರಲಿಲ್ಲ.

ಮರುದಿನ ಬಿಸಿಲು ಬಿದ್ದ ಮೇಲೆ ಬೀದಿಯಲ್ಲಿ ಜನ ಸೇರಿದರು. ನನ್ನನ್ನು ಸಾಕ್ಷಿಗೆಂದು ಅವರ ಕಿಟಕಿಯ ಹೊರಗೆ ನಿಲ್ಲಿಸಿದರು. ಚಂಪಕ್ಕ ಕೊಡ ಹಿಡಿದು ಇಳಿದು, ನಲ್ಲಿಯವರೆಗೆ ಎರಡು ಕಡೆ ನಿಂತು ಉಸಿರು ಹಿಡಿದುಕೊಂಡು ನಡೆದರು. ಯಾರೂ ತಮಾಷೆ ಮಾಡಲಿಲ್ಲ. ಒಳಗೆ ಕಲ್ಲಿನಾಥಪ್ಪನವರು ಮಂಡಿಯೂರಿ ಜಾಲರಿಗೆ ಅಂಗೈ ಒತ್ತಿದ್ದರು.

"ಬೆಚ್ಚಗ ಐತಿ," ಎಂದರು. ಮತ್ತೆ, ಎಲ್ಲರಿಗೂ ಕೇಳುವಂತೆ, "ಭಾಳ ಬೆಚ್ಚಗ ಐತಿ! ಆಕೀ ಮನ್ಯಾಕಿ!" ಎಂದು ಕೂಗಿದರು. ಅವರ ದನಿಯಲ್ಲಿ ಎಷ್ಟು ಖುಷಿಯಿತ್ತೆಂದರೆ ಜನ ಚಪ್ಪಾಳೆ ತಟ್ಟಿದರು. ನಿಂಬೆವ್ವ ತಾನೇ ಮನೆಯಿಂದ ಬೆಲ್ಲದ ಹೆಂಟೆ ತಂದಿದ್ದಳು. ಅವಳು ಎರಡಕ್ಕೂ ತಯಾರಾಗಿ ಬಂದವಳು.

ಚಂಪಕ್ಕ ಹಿಂತಿರುಗಿ ಒಳಗೆ ಹೋಗಿ ಕೊಡ ಇಳಿಸಿದರು. ಬೆಲ್ಲ ಬಾಯಿಗೆ ಹಾಕಿಕೊಳ್ಳಲಿಲ್ಲ. "ಈಗ ನೀವು ಹೋಗ್ರಿ," ಎಂದರು.

"ಎಲ್ಲಿಗೆ?"

"ನೀರಿಗೆ."

ಬೀದಿ ಬಿದ್ದುಬಿದ್ದು ನಕ್ಕಿತು. "ಸಾಹೇಬ್ರ, ಸೆರಗು ಹೊಚ್ಚಿಕೊಂಡು ಹೋಗ್ರಿ!" ಎಂದು ದಾವಲಸಾಬ ಕೂಗಿದ. ಕಲ್ಲಿನಾಥಪ್ಪನವರೂ ನಕ್ಕರು. ಒಂದು ರಾತ್ರಿಯೆಲ್ಲ ಕಾಡಿದ ಸಂಶಯ ಇಳಿದ ಹಗುರದಲ್ಲಿ, ಹೆಂಡತಿಗೆ ಮಾಡಿದ ಅವಮಾನಕ್ಕೆ ಇಷ್ಟಾದರೂ ಮಾಡೋಣವೆಂದು, ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು, ಸೊಸೆಯ ನಡಿಗೆಯನ್ನು ಅಣಕಿಸುತ್ತ ಮೆಟ್ಟಿಲಿಳಿದರು. ಜನ ಅವರನ್ನು ನೋಡುತ್ತಿದ್ದರು. ನಾನು ಸಾಕ್ಷಿಯಾದ್ದರಿಂದ ಒಳಗೆ ನೋಡುತ್ತಿದ್ದೆ.

ಚಂಪಕ್ಕ ಜಾಲರಿಯ ಮೇಲೆ ಕೈಯಿಟ್ಟಿದ್ದರು. ಫ್ಯಾನು ತಿರುಗುತ್ತಿತ್ತು, ಬೆಂಕಿಯ ಸದ್ದೂ ಕೇಳುತ್ತಿತ್ತು. ಅವರು ಕೈಯನ್ನು ಇನ್ನಷ್ಟು ಒತ್ತಿದರು. ಆಮೇಲೆ ಎರಡನೆಯ ಕೈಯನ್ನೂ ಇಟ್ಟರು.

"ಏನಾತು?" ಎಂದು ನಲ್ಲಿಯ ಬಳಿಯಿಂದ ಕಲ್ಲಿನಾಥಪ್ಪನವರು ಕೂಗಿದರು.

ಚಂಪಕ್ಕ ಕಿಟಕಿಗೆ ಬಂದು ಮುಖ ಹೊರಹಾಕಿದರು. "ಬೆಚ್ಚಗ ಐತ್ರಿ," ಎಂದರು.

ಆ ಎರಡು ಮಾತು ಅವರ ಬಾಯಿಂದ ಬೆಳ್ಳನೆಯ ಹಬೆಯಾಗಿ ಬಂದವು. ಅವರ ಹಿಂದೆ, ಕೋಣೆಯೊಳಗಿನ ಗಾಳಿಯಲ್ಲೂ ಅವರ ಉಸಿರು ಬಿಳಿಯಾಗಿ ತೂಗುತ್ತಿತ್ತು. ಬೆಚ್ಚಗಿನ ಮನೆಯಲ್ಲಿ ಉಸಿರು ಕಾಣುವುದಿಲ್ಲ. ಇದು ನಮ್ಮ ಊರಿನ ಕೂಸಿಗೂ ಗೊತ್ತು. ನಗು ಒಬ್ಬೊಬ್ಬರಲ್ಲೇ ನಿಂತಿತು. ಕಲ್ಲಿನಾಥಪ್ಪನವರು ತಮ್ಮ ಹಣೆ ಮುಟ್ಟಿಕೊಂಡರು. ಕೊರೆಯುವ ಗಾಳಿಯಲ್ಲಿ ನಿಂತಿದ್ದ ಅವರ ಹಣೆಯಲ್ಲಿ ಬೆವರಿತ್ತು. ಕಾಲ ಬುಡದ ಹಿಮ ಕರಗಿ ಚಪ್ಪಲಿ ಒದ್ದೆಯಾಗಿತ್ತು.

ದಾವಲಸಾಬ ಮೊದಲು ಚೇತರಿಸಿಕೊಂಡ. "ಸಾಹೇಬ್ರ, ಫ್ಯಾನಿನ ವೈರು ಒಂದ ಸಲ ನೋಡ್ತೇನ್ರಿ, ಲೂಜ್ ಇರಬೇಕು," ಎಂದ.

"ಬ್ಯಾಡ," ಎಂದರು ಅವರು. "ಕಾರಣ ಸಿಕ್ಕತಲ್ಲ."

ಈಗ ಹೇಳುವುದು ಸುಲಭ. ಅವರು ಶೆಡ್ಡಿನಲ್ಲಿ ಚಳಿಯಲ್ಲೂ ಬರೀ ಬನಿಯನ್ನಿನಲ್ಲಿ ಕೂತಿರುತ್ತಿದ್ದುದನ್ನು ನಾವೆಲ್ಲ ಕಂಡಿದ್ದೆವು, ಗಟ್ಟಿ ದೇಹ ಎಂದುಕೊಂಡಿದ್ದೆವು. ಬಾಗಿಲಲ್ಲಿ ಕೆಮ್ಮುವುದನ್ನೂ ಕೇಳಿದ್ದೆವು. ಊರಿನ ಉಳಿದ ಗಂಡಹೆಂಡಿರು ದಿನಾ ಕಿತ್ತಾಡುತ್ತಿದ್ದರು, ಅವರ ಮನೆಗಳು ಬೆಚ್ಚಗಿದ್ದವು. ಆದರೆ ಮನೆ ಯಜಮಾನನನ್ನೇ ಹೊರಗಿನವನೆಂದು ಎಣಿಸೀತೆಂದು ಯಾರು ಅನುಮಾನ ಪಡುತ್ತಾರೆ? ಸಡಿಲಾದ ಗೋಡೆಯ ತಗಡು ಬಡಿದವರು ಅವರು, ಕೊಳವೆಗೆ ಟೇಪು ಸುತ್ತಿದವರು ಅವರು.

ಅತಿಥಿ ಏಳದಿದ್ದರೆ ಬಿಸಿಯೂ ಏಳುವುದಿಲ್ಲ. ಕಲ್ಲಿನಾಥಪ್ಪನವರು ಅಂದೇ ಒಳಗೆ ಹೋಗಿ, ಚಳಿಗಾಲ ಮುಗಿಯುವವರೆಗೆ ಹೊಸ್ತಿಲು ದಾಟುವುದಿಲ್ಲವೆಂದು ಸಾರಿದರು. ಪಂಪುಗಳನ್ನು ಬಿಟ್ಟರು. ಅದು ಅವರ ಮಟ್ಟಿಗೆ ಸಣ್ಣ ಮಾತಲ್ಲ. ಮನೆ ಹಿಂದೆಂದೂ ಇಲ್ಲದಷ್ಟು ಬೆಚ್ಚಗಾಯಿತು. ಚಂಪಕ್ಕ ಒಂದೇ ಶಾಲಿಗೆ ಇಳಿದರು, ಆಮೇಲೆ ಅದನ್ನೂ ಮಡಿಸಿಟ್ಟರು. ಸೀಟಿ ನಿಂತಿತು. ಡಾಕ್ಟರು ಕಿಟಕಿಯಿಂದ ನಾಡಿ ನೋಡಿ, "ಹಿಂಗ ಇರ್ಲಿ," ಎಂದು ಹೋದರು.

ಹಾಗೇ ಇರುವುದೇ ಕಷ್ಟವಾಯಿತು. ಆ ಉದ್ದನೆಯ ಪೆಟ್ಟಿಗೆಯಲ್ಲಿ ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಒಬ್ಬರಿಗೊಬ್ಬರು ದಾರಿ ಬಿಡುತ್ತಿದ್ದರು. "ನೀರು ಕೊಡ್ಲೇನ್ರಿ?" "ತ್ರಾಸ ತಗೋಬ್ಯಾಡ." ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಅವರು ಕೇಳುತ್ತಿದ್ದರು, ಚಂಪಕ್ಕ ಎದ್ದು ಕೊಡುತ್ತಿದ್ದರು, ಮರುದಿನ ಮತ್ತೆ ಕೇಳುತ್ತಿದ್ದರು. ಮನೆಯವನಾಗಲು ಏನು ಮಾಡಬೇಕೆಂದು ಅವರಿಗೆ ತೋಚಲಿಲ್ಲ. ಒಂದು ಅಟ್ಟ ಬಡಿದರು. ಚಂಪಕ್ಕನ ತಲೆಗೆ ತಾಗುವ ಎತ್ತರಕ್ಕೆ ಬಂತು. ರೊಟ್ಟಿ ಬಡಿಯಲು ಹೋದರು. ಹಿಟ್ಟು ಹಾಳಾಯಿತು, ಚಂಪಕ್ಕ "ಇರ್ಲಿ ಬಿಡ್ರಿ, ಚಲೋ ಆಗೇತಿ" ಎಂದು ಅದನ್ನೇ ತಿಂದರು.

ಒಂದು ದಿನ ಚಂಪಕ್ಕ ಮಲಗಿದ್ದಾಗ ಅವರು ಕಿಟಕಿಗೆ ಬಂದು ದನಿ ತಗ್ಗಿಸಿ ಕರೆದರು. "ಮಾಸ್ತರ, ನೀವು ಪುಸ್ತಕ ಓದಿದವರು. ಮನಿಗೆ ಹೊಂದಿಕೊಳ್ಳೂದು ಹೆಂಗ?"

ನಾನು ಒಂಟಿ ಮನುಷ್ಯ. ನನ್ನ ಮನೆ ಬೆಚ್ಚಗಿರುವುದಕ್ಕೆ ಕಾರಣ ಅಲ್ಲಿ ಅನುಮಾನ ಪಡಲು ಇನ್ನೊಬ್ಬರಿಲ್ಲದಿರುವುದು. ಆದರೂ ಕೇಳಿದವರಿಗೆ ಉತ್ತರ ಕೊಡುವುದು ಮಾಸ್ತರಿಕೆಯ ಚಟ. "ಒಂದ ಸಲ ಜಗಳಾಡಿ ನೋಡ್ರಿ," ಎಂದೆ. "ನಿಂಬೆವ್ವನ ಮನ್ಯಾಗ ದಿನಾ ತಾಟು ಹಾರತಾವು. ಎಷ್ಟ ಬೆಚ್ಚಗ ಐತಿ ನೋಡ್ರಿ."

ಸಂಜೆ ಊಟಕ್ಕೆ ಕೂತಾಗ ಅವರು ಧೈರ್ಯ ಮಾಡಿದರು. ನಾನು ಕಿಟಕಿಯ ಬಳಿಯೇ ಇದ್ದೆ.

"ಸಾರಿಗೆ ಉಪ್ಪು ಹೆಚ್ಚಾಗೇತಿ," ಎಂದರು, ಗಟ್ಟಿಯಾಗಿ.

"ಹೌದೇನ್ರಿ? ಬ್ಯಾರೆ ಮಾಡ್ಲೇನು?"

"ಬ್ಯಾಡ ಬ್ಯಾಡ. ಅಂಥಾದ್ದೇನಿಲ್ಲ."

"ಮಸರು ಹಾಕ್ಕೋರಿ ಮತ್ತ."

"ಹಾಕು. ಸಾಕು, ಸಾಕು."

ಜಗಳ ಅಲ್ಲಿಗೆ ಮುಗಿಯಿತು. ತಾಟು ಹಾರಲಿಲ್ಲ, ಅದನ್ನು ತೊಳೆದು ಬೋರಲು ಹಾಕಿದ ಸಣ್ಣ ಸದ್ದು ಕೇಳಿತು.

ಅದಾದ ಕೆಲವು ದಿನಗಳಿಗೆ ಒಂದು ಮಧ್ಯಾಹ್ನ ಚಂಪಕ್ಕ ಅಕ್ಕಿ ಆರಿಸುತ್ತಿದ್ದರು. ಕಲ್ಲಿನಾಥಪ್ಪನವರು ಎದುರಿನ ಹಲಗೆಯ ತುದಿಯಲ್ಲಿ, ಕೈಗಳನ್ನು ಮಂಡಿಯ ಮೇಲಿಟ್ಟು ಕೂತಿದ್ದರು. ಹೊರಗೆ ಗಾಳಿಯಿರಲಿಲ್ಲ. ಅಕ್ಕಿಯ ಮೇಲೆ ಬೆರಳು ಆಡಿಸುತ್ತ, ತಲೆಯೆತ್ತದೆ, ಯಾವ ಕೆಟ್ಟ ಮನಸ್ಸೂ ಇಲ್ಲದೆ, ಉಪಚಾರದ ದನಿಯಲ್ಲೇ ಚಂಪಕ್ಕ ಕೇಳಿದರು: "ಅಲ್ರೀ, ಇನ್ನ ಎಷ್ಟ ದಿವಸ ಇರ್ತೀರಿ?"

"ನಾಳೆ ಹೊಂಟೇನಿ," ಎಂದರು ಕಲ್ಲಿನಾಥಪ್ಪನವರು, ಥಟ್ಟನೆ, ಎಲ್ಲ ಅತಿಥಿಗಳೂ ಹೇಳುವ ಹಾಗೆ.

ಆಮೇಲೆ ಇಬ್ಬರಿಗೂ ತಾವು ಆಡಿದ್ದು ಕೇಳಿಸಿರಬೇಕು. ಅಕ್ಕಿಯ ಸದ್ದು ನಿಂತಿತು. ನಾನು ನನ್ನ ಕಿಟಕಿ ಮುಚ್ಚಿದೆ. ಅಷ್ಟು ಚಳಿಗಾಲಗಳಲ್ಲಿ ಮಾತಿನ ನಡುವೆ ನಾನು ಕಿಟಕಿ ಮುಚ್ಚಿದ್ದು ಅದೊಂದೇ ಸಲ.

ಮರುದಿನ ಅವರು ಶೆಡ್ಡಿಗೆ ಹೊರಟರು. ಚಂಪಕ್ಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ಬಾಗಿಲವರೆಗೆ ಬಂದರು. "ಇರ್ರಿ ಅನ್ನಬೇಕಿತ್ತು ನಾನು," ಎಂದರು. "ಅಂದಿದ್ರ ಇನ್ನೂ ನಾಲ್ಕ ದಿವಸ ಇರ್ತಿದ್ದೆ," ಎಂದರು ಅವರು. "ಆಮ್ಯಾಲೆ ಮತ್ತ ಹೋಗೂದ ಇತ್ತು. ಥಂಡಿ ಹೆಚ್ಚಾದ ಮ್ಯಾಲೆ ಹೋದ್ರ ನಿನಗ ತ್ರಾಸ." ಇದಿಷ್ಟೂ ಲೆಕ್ಕ ಹಾಕಿ ಇಟ್ಟುಕೊಂಡಿದ್ದ ಮಾತೆಂದು ನನಗನ್ನಿಸಿತು, ರಾತ್ರಿಯೆಲ್ಲ ಅವರು ಒಂದೊಂದು ಕಾರಣವನ್ನೂ ತೆಗೆದು ನೋಡಿರಬೇಕು. ಬೀದಿಯ ತುದಿ ತಲುಪುವ ಮೊದಲೇ ಅವರು ಸ್ವೆಟರು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಿದ್ದರು. ಹಿಂತಿರುಗಿ ನೋಡಲಿಲ್ಲ.

ಅಂದು ಚಂಪಕ್ಕನ ಮನೆಯಲ್ಲಿ ನೀರು ಹೆಪ್ಪುಗಟ್ಟಿತು. ನಾನು ಬಿಸಿನೀರು ತುಂಬಿದ ಬಾಟಲಿಗಳನ್ನು ಕೋಲಿನ ತುದಿಗೆ ಕಟ್ಟಿ ಅವರ ಕಿಟಕಿಗೆ ದಾಟಿಸಿದೆ. ನಿಂಬೆವ್ವ ತನ್ನ ಕಂಬಳಿ ತಂದು ಒಳಗೆ ಎಸೆದು, ಯಾರ ಮುಖವನ್ನೂ ನೋಡದೆ ಹೋದಳು. ಮರುದಿನ ಹೊತ್ತೇರುವಷ್ಟರಲ್ಲಿ ಗೋಡೆಗಳು ಕಾದವು, ಮತ್ತೆ ತಣಿಯಲಿಲ್ಲ. ಕೊಳವೆಗೆ ಸುತ್ತಿದ ಟೇಪು ಕೊನೆಗೆ ಸರಿಯಾಗಿ ಕಚ್ಚಿಕೊಂಡಿತು ನೋಡಿ, ಎಂದು ದಾವಲಸಾಬ ಎಲ್ಲರಿಗೂ ಹೇಳಿದ, ನಾವೆಲ್ಲ ಹೌದೆಂದೆವು.

ಶೆಡ್ಡಿನಲ್ಲಿ ಹೀಟರಿಲ್ಲ. ಒಯ್ದ ಬಿಸಿ ತೀರಿದ ಮೇಲೆ ದಾವಲಸಾಬ ಅಲ್ಲಿ ಹಳೆಯ ಡ್ರಮ್ಮಿನಲ್ಲಿ ಕಟ್ಟಿಗೆಯ ಒಲೆಯೊಂದನ್ನು ಮಾಡಿಕೊಟ್ಟ. ಬೇಸಿಗೆ ಬಂದಾಗ ಚಂಪಕ್ಕ ಎರಡು ಸಲ ಶೆಡ್ಡಿನ ದಾರಿಯ ಅರ್ಧದವರೆಗೆ ನಡೆದುಹೋಗಿ ಹಿಂತಿರುಗಿದರು. "ಕರೀಬೇಕಂತ ಮನಸ್ಸಾಗತೈತ್ರಿ ಮಾಸ್ತರ್ರ," ಎಂದರು ನನಗೆ. "ಆದ್ರ ಕರದ್ರ ಬಂದವರು ಅತಿಥಿನ ಆಗತಾರಲ್ಲ." ಕರೆಯದೆ ಬರುವುದು ಕಲ್ಲಿನಾಥಪ್ಪನವರಿಗೆ ಗೊತ್ತಿರಲಿಲ್ಲ. ಅವರು ಶೆಡ್ಡಿನಲ್ಲೇ ಉಳಿದರು. ಹೀಟರು ಆಮೇಲೆ ಕೆಡಲಿಲ್ಲ.